ಗಿರಿಜಾಗ ಬಂದ ಮುಯ್ಯಿ

ಸಜ್ಜಿ ರೊಟ್ಟಿ ಹಂಚಿನ ಮ್ಯಾಲೆ ಬೀಳ್ತದ, ಅದರ ಬೆನ್ನಿಗೆ ಅಂಟಿದ ಎಳ್ಳು ಚಟಚಟ ಅಂತಾವ, ಆಮ್ಯಾಲೆ ಒಂದು ವಾಸನಿ ಏಳ್ತದ ನೋಡ್ರಿ, ಅರ್ಧ ಸುಟ್ಟಿದ್ದು, ಅರ್ಧ ಸಿಹಿ. ಆ ವಾಸನಿ ಮೂಗಿಗೆ ಬಡದ್ರ ನನ್ನ ಕಣ್ಣಾಗ ನೀರು ಬರ್ತಾವ. ಮುದುಕಗ ಹೊಗಿ ತಾಳಂಗಿಲ್ಲ ಅಂತ ಮಂದಿ ಬಾಗಲಾ ತೆಗೀತಾರ. ತೆಗೀಲಿ ಬಿಡ್ರಿ. ಖುಶಿಗೆ ಬಂದಾವ ಅಂತ ಯಾರಿಗಂತ ಹೇಳ್ಕೋತ ಕುಂದರ್ಲಿ?

ಈ ವರ್ಷ ಎಳ್ಳಮಾಸಿ ಮುಂದ ನಾನು ರಾಯಚೂರಿನಿಂದ ಮಾನ್ವಿಗೆ ಹೋಗಿದ್ದೆ. ಮೊಮ್ಮಗಳು ಗಿರಿಜಾನ ಕಾಲೇಜಿನ ಸಲುವಾಗಿ ನಾವು ಮಾನ್ವಿ ಬಿಟ್ಟು ರಾಯಚೂರಿಗೆ ಬಂದೀವಿ. ಹಳೇ ಓಣಿಯವರು ಫೋನ್ ಮಾಡಿ, "ಅಮರಪ್ಪಜ್ಜಾ, ಹಬ್ಬಕ್ಕ ಬರದಿದ್ರ ನೋಡು ಮತ್ತ" ಅಂದಿದ್ರು. ಬಸ್ ಇಳಿದು, ಅಕ್ಕಿ ಗಿರಣಿ ದಾಟಿ, ಓಣಿ ತಿರುವಿಗೆ ಬಂದೆ. ಬಂತು ವಾಸನಿ. ಅದರ ಹಿಂದೇ ಸಪ್ಪಳ. ದಪ್ ದಪ್ ಜರ್ರ್... ದಪ್ ದಪ್ ಜರ್ರ್... ಎರಡು ಬಡತ, ಒಂದು ಎಳತ.

ನಿಂತಲ್ಲೇ ನಿಂತೆ. ಎರಡೂ ಕೈ ಇದ್ದವರ ರೊಟ್ಟಿ ಸಪ್ಪಳ ಹಂಗಿರಂಗಿಲ್ಲ. ಅವರ ಬಲಗೈ ಬಡಿತದ, ಎಡಗೈ ಸುಮ್ಮ ಅಂಚು ತಿರುಗಿಸ್ತದ, ಸಪ್ಪಳ ಒಂದೇ ಸವನ ಬೀಳ್ತದ. ಬಡಿಯೋದೂ ಒಂದೇ ಕೈ, ತಿರುಗಿಸೋದೂ ಅದೇ ಕೈ ಆದ್ರ ಮಾತ್ರ ನಡುವ ಆ ಜರ್ರ್ ಬರ್ತದ. ಅದು ನಮ್ಮ ಗಿರಿಜಾನ ಸಪ್ಪಳ. ಗಿರಿಜಾ ನೋಡಿದ್ರ ರಾಯಚೂರಿನಾಗ ಪರೀಕ್ಷೆಗೆ ಓದಾಕತ್ಯಾಳ. ಹಂಗಾದ್ರ ಇಲ್ಲಿ ಬಡಿಯಾಕತ್ತವರು ಯಾರು?

ಅದನ್ನ ಕಡೀಗೆ ಹೇಳ್ತೀನಿ. ನಾನು ನಾಕನೇ ಕ್ಲಾಸಿನ ಮ್ಯಾಲೆ ಕಲೀಲಿಲ್ಲ, ಬರದ್ರ ಅಕ್ಷರ ಗಿರಣಿ ಇಲಿ ಓಡಿದಂಗ ಓಡ್ತಾವ. "ಅಜ್ಜಾ, ಸಿಕ್ಕವರಿಗೆಲ್ಲ ಬಸ್ಟ್ಯಾಂಡಿನಾಗ ಹಿಡಿದು ಹೇಳ್ತಿ, ಅವರ ಬಸ್ ತಪ್ಪತದ, ಅದಕ್ಕಿಂತ ಬರೀ" ಅಂತ ಗಿರಿಜಾನೇ ಅಂದ್ಲು. ಅದಕ್ಕ ಬರಿಯಾಕತ್ತೀನಿ. ಇದು ಆಕಿ ಏಳನೇ ಕ್ಲಾಸಿನಾಗ ಇದ್ದಾಗಿನ ಚಳಿಗಾಲದ ಮಾತು.

ಗಿರಿಜಾ ಹುಟ್ಟಿದಾಗಿಂದ ಆಕಿ ಎಡಗಡೆ ಮೈಗೆ ಬಲ ಕಮ್ಮಿ. ಎಡಗೈ ಮುಷ್ಟಿ ಕಟ್ಟಿ ಎದಿಗೆ ಆನಕೊಂಡಿರ್ತದ, ಎಡಗಾಲು ಜರಾ ಎಳೀತದ. ನನ್ನ ಮಗ ಟ್ರ್ಯಾಕ್ಟರ್ ಹೊಡೀತಾನ, ಸೊಸಿ ನಾಟಿಗೆ, ಹತ್ತಿ ಬಿಡಿಸಾಕ ಹೋಗಾಕಿ. ಹಿಂಗಾಗಿ ಆ ಕೂಸಿನ್ನ ಕಂಕುಳಾಗ ಹೊತ್ತು ರಾಯಚೂರು ದವಾಖಾನಿಗೆ ತಿರುಗಿದಾಂವ ನಾನು. ಅಲ್ಲಿ ಕೈ ಕಾಲಿಗೆ ಕಸರತ್ತು ಕಲಿಸೋ ಒಬ್ಬಾಕಿ ಹುಡುಗಿ ಇದ್ಲು, ಬಾಳ ನಗಮುಖದಾಕಿ. ನಾನು ಗಿರಿಜಾನ ಚಪ್ಪಲಿ ಹಾಕಾಕ ಬಗ್ಗಿದ್ರ ನನ್ನ ಭುಜಾ ಹಿಡಿದು ಎಬ್ಬಿಸಿಬಿಡ್ತಿದ್ಲು. "ಅಜ್ಜಾ, ಆಕಿ ಮಾಡೋದನ್ನ ಆಕಿಗೇ ಬಿಡ್ರಿ. ಕಣ್ಣು ಆ ಕಡೆ ಹೊಳ್ಳಿಸ್ರಿ, ಬೇಕಾದ್ರ ಎಲಿ ಅಡಕಿ ಹಾಕ್ಕೋರಿ." ಗಿರಿಜಾ ಒಂದು ಚಪ್ಪಲಿ ಹಾಕ್ಕೊಳೋದರಾಗ ನಾನು ಎಲಿಗೆ ಸುಣ್ಣಾ ಹಚ್ಚಿ, ಮಡಚಿ, ಬಾಯಾಗ ಇಟ್ಕೊಂಡು, ಅರ್ಧ ಅಗದಿರ್ತಿದ್ದೆ. ಎಲಿ ಅಡಕಿ ಚಟ ನನಗ ಹತ್ತಿದ್ದೇ ಆ ದವಾಖಾನ್ಯಾಗ.

ಈಗ ಮುಯ್ಯಿದು ಹೇಳಬೇಕು, ಇಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ನಮ್ಮ ಕಡೆ ಎಳ್ಳಮಾಸಿಗೆ ಮನಿಮನಿಯಾಗ ಸಜ್ಜಿ ರೊಟ್ಟಿ ರಾಶಿ ಬೀಳಬೇಕು. ತೆಳ್ಳಗ ಬಡದು, ಎಳ್ಳು ಹಚ್ಚಿ, ಸುಟ್ಟು, ಒಣಗಿಸಿ, ಕಡಕ್ ಮಾಡಿ ಬುಟ್ಟಿ ತುಂಬಬೇಕು. ಹಬ್ಬದ ದಿನ ಹೊಲಕ್ಕ ಒಯ್ದು, ಭೂಮಿತಾಯಿಗೆ ಎಡಿ ಅಂತ ಹೊಲದ ತುಂಬ ಚರಗ ಚೆಲ್ಲಿ, ಬೆಳಿ ನಡುವ ಕುಂತು ಎಲ್ಲಾರೂ ಉಣ್ಣಬೇಕು. ಅಷ್ಟು ರೊಟ್ಟಿ ಒಬ್ಬಾಕಿ ಕೈಲೆ ಆಗೂದಲ್ಲ. ಅದಕ್ಕ ಓಣಿ ಹೆಣ್ಮಕ್ಕಳು ಇವತ್ತು ಇವರ ಮನ್ಯಾಗ, ನಾಳಿ ಅವರ ಮನ್ಯಾಗ ಕೂಡಿ ಬಡೀತಾರ. ಕೂಲಿ ಇಲ್ಲ. ನೀ ನಮ್ಮನಿಗೆ ಬಂದ್ರ ನಾ ನಿಮ್ಮನಿಗೆ ಬರಬೇಕು. ಇದೇ ಮುಯ್ಯಿ. ಸಂಜಿಮುಂದ ಎಲ್ಲಾರೂ ಏಳೋವಾಗ, ಮರುದಿನ ಯಾರ ಮನಿ ಸರದಿನೋ ಆಕಿ ಒಬ್ಬೊಬ್ಬಾಕಿ ಕೈ ಹಿಡಿದು, "ನಾಳಿ ನಮ್ಮನಿಗೆ ಮುಯ್ಯಿಗೆ ಬಾ" ಅಂತ ಕರೀತಾಳ. ಕೈ ಹಿಡಿದೇ ಕರೀಬೇಕು. ಬಾಗಲದಾಗ ನಿಂತು ಕೂಗಿದ್ರ ಅದು ಕರದಂಗಲ್ಲ.

ಗಿರಿಜಾನ ವಾರಿಗಿ ಹುಡುಗ್ಯಾರಿಗೆ ಆ ವರ್ಷದ ಹಿಂದಿನ ಹಬ್ಬಕ್ಕೇ ಕರಿ ಬಂದಿತ್ತು. ಎಲ್ಲಾರೂ ಅವ್ವಂದಿರ ಬಾಜೂಕ ಕುಂತು ಬಡದಿದ್ರು. ಗಿರಿಜಾನೂ ಹೋಗಿ ಹಿಟ್ಟಿನ ಮುಂದ ಕುಂತಿದ್ಲಂತ. ನಮ್ಮ ಓಣಿಗೆ ರೊಟ್ಟಿ ಯಜಮಾನತಿ ಅಂದ್ರ ಬಸಲಿಂಗವ್ವ, ನಮ್ಮ ಎದುರುಮನಿಯಾಕಿ. ಆಕಿ ರೊಟ್ಟಿ ಮ್ಯಾಲೆತ್ತಿ ಹಿಡಿದ್ರ ಆ ಕಡೆ ಕುಂತವರ ಮುಖಾ ಕಾಣ್ತದ, ಅಷ್ಟು ತೆಳು. ಆಕಿ ಬಾಳ ಮಾಯಾದಿಂದ ಗಿರಿಜಾನ ಮುಂದಿನ ಹಿಟ್ಟು ತನ್ನ ಕಡೆ ಎಳಕೊಂಡು, "ಬ್ಯಾಡ ನನ ಕೂಸ, ನಿನಗ್ಯಾಕ ಈ ತ್ರಾಸ? ನೀ ಆರಾಮ ಕುಂದ್ರು, ನಿನ್ನ ಪಾಲಿಂದು ನಾ ಬಡೀತೀನಿ" ಅಂದಿದ್ಲು. ಒಳ್ಳೇ ಮನಸ್ಸಿನಿಂದನೇ ಅಂದದ್ದು. ಆಕಿ ಮ್ಯಾಲೆ ಸಿಟ್ಟು ಮಾಡಾಕೂ ಬರಂಗಿಲ್ಲ.

ಗಿರಿಜಾ ಮನಿಗೆ ಬಂದು ನನ್ನ ಬಾಜೂಕ ಕಟ್ಟಿ ಮ್ಯಾಲೆ ಕುಂತ್ಲು. ಅಳಲಿಲ್ಲ. "ಅಜ್ಜಾ, ನನ್ನ ಯಾರೂ ಮುಯ್ಯಿಗೆ ಕರಿಯಂಗಿಲ್ಲೇನು?" ಅಂತ ಕೇಳಿದ್ಲು. ಗಿರಣಿಯಾಗ ಜೀವಮಾನ ಎಲ್ಲಾ ಚೀಲ ಹೊತ್ತಾಂವ ನಾನು. ಅಷ್ಟು ಭಾರ ಎಂದೂ ಹೊತ್ತಿದ್ದಿಲ್ಲ.

ಅದಕ್ಕ ಮುಂದಿನ ಚಳಿಗಾಲ ಬಂತೋ ಇಲ್ಲೋ, ಗಿರಿಜಾ ಹಟ ಹಿಡಿದು ರೊಟ್ಟಿ ಕಲಿಯಾಕ ಕುಂತ್ಲು. ಸಾಲಿ ಬಿಟ್ಟ ಕೂಡ್ಲೇ ಪಾಟಿಚೀಲ ಒಗದು ಒಲಿ ಮುಂದ ಹಾಜರ್. ಕುದಿಯೋ ಎಸರು ಮಾತ್ರ ನಮ್ಮಾಕಿ ಹಣಮವ್ವ ಹಿಟ್ಟಿಗೆ ಹಾಕಿ ಕೊಡಾಕಿ. ನಾದೋದು ಗಿರಿಜಾಂದು. ಪರಾತ ಸರಿದಾಡ್ತಿತ್ತು, ಅದಕ್ಕ ಅದನ್ನ ಗ್ವಾಡಿಗೆ ಹಚ್ಚಿ ಮೊಣಕಾಲಿಲೆ ಒತ್ತಿ ಹಿಡೀತಿದ್ಲು. ಸಜ್ಜಿ ಹಿಟ್ಟಿಗೆ ಜೋಳದ ಹಿಟ್ಟಿನಷ್ಟು ಅಂಟಿಲ್ಲ, ಸಿಟ್ಟಿನ ಮಂದಿ ಹಂಗ ಸುಮಸುಮ್ಮನೇ ಬಿರೀತದ. ಎಡಗೈ ತೊಡಿ ಮ್ಯಾಲಿಟ್ಟು, ಬಲಗೈಲೆ ಎರಡು ಸಲ ಬಡದು, ಕಿರುಬೆಳ್ಳು ಅಂಚಿಗೆ ಹಚ್ಚಿ ಜರ್ರ್ ಅಂತ ಎಳದು ತಿರುಗಿಸೋದು ಕಲತ್ಲು. ಅಷ್ಟು ಕಲಿಯೋದರಾಗ ಬಿಸಿಲು ಎಳಿ ಆಗಿ, ಮುಂಜಾನಿ ಬಾಯಾಗ ಹೊಗಿ ಬರೋ ಚಳಿ ಬಿತ್ತು.

ಬಡಿಯೋದೇ ಕಷ್ಟ ಅಂತ ತಿಳಿದಿದ್ವಿ. ಕಷ್ಟ ಇದ್ದದ್ದು ಎತ್ತೋದು. ತೆಳುವಾದ ಹಸಿ ರೊಟ್ಟಿ ಒಂದೇ ಕೈಲೆ ಎತ್ತಿದ್ರ ನಡುವ ಹರದು ಎರಡಾಗ್ತಿತ್ತು. ಮುರಿದದ್ದೆಲ್ಲ ನನ್ನ ತಾಟಿಗೆ. ಮುಂಜಾನಿ ಚೂರು, ಮಧ್ಯಾಹ್ನ ಚೂರು, ಸಂಜಿಗೂ ಚೂರು. ಶೇಂಗಾ ಹಿಂಡಿ ಹಚ್ಚಿ, ಮಸರು ಹಚ್ಚಿ, ಏನೂ ಹಚ್ಚದನೂ ತಿಂದೆ.

"ಅಜ್ಜಾ, ಬ್ಯಾಸರಾತೇನು?"

"ನನಗೆಲ್ಲಿ ಹಲ್ಲದಾವ ನನ ಕೂಸ? ನೀ ಮುರದು ಕೊಡಾಕತ್ತಿ, ಪುಣ್ಯಾ ಬರ್ತದ."

ಹಣಮವ್ವ ಒಲಿ ಹಿಂದಿನಿಂದ, "ಹೌದೌದು, ಮುಂದ ಇಡೀ ರೊಟ್ಟಿ ಕೊಟ್ರ ಇದು ಯಾರ ಮನೀದು ಅಂತ ಕೇಳ್ತಾನ" ಅಂತಿದ್ಲು. ಆದ್ರ ಆಕಿಗೆ ಸಮಾಧಾನ ಇರ್ತಿದ್ದಿಲ್ಲ. ರೊಟ್ಟಿ ಹರಿಯೋದು ಕಂಡ ಕೂಡ್ಲೇ ಕೈ ಮುಂದ ಹೋಗ್ತಿತ್ತು. ಗಿರಿಜಾ ನೋಡದನೇ, "ಅಜ್ಜೀ, ಕೈ ಹಿಂದ" ಅನ್ನಾಕಿ. ಹಣಮವ್ವ ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು ಪೊಲೀಸರ ಮುಂದ ಕುಂತಾಕಿ ಹಂಗ ಕುಂದರ್ತಿದ್ಲು.

ಕಡೀಗೆ ಎತ್ತೋದಕ್ಕೂ ದಾರಿ ಸಿಕ್ತು, ಆಕೀಗೇ ಸಿಕ್ತು. ರೊಟ್ಟಿನ್ನ ಬಡಿಯೋ ಕಲ್ಲಿನ ಅಂಚಿನ ತನಕ ಸರಿಸಿ, ಬಲಗೈ ಅಂಗೈ ಮ್ಯಾಲೆ ಮಾಡಿ ಅದರ ಕೆಳಗ ತಂದು, ಅಂಗೈಯಿಂದ ಮೊಣಕೈ ತನಕ ಮುಂಗೈ ಮ್ಯಾಲೆ ರೊಟ್ಟಿ ಮಲಗಿಸಿಕೊಂಡುಬಿಟ್ಲು, ಕೂಸಿನ್ನ ಮಲಗಿಸಿಕೊಂಡಂಗ! ಹಂಗೇ ಒಯ್ದು ಹಂಚಿನ ಮ್ಯಾಲೆ ಇಳಿಸಿದ್ಲು. ಇಡೀ ರೊಟ್ಟಿ. ಉಂಡಗ, ಚಂದ್ರಾಮನ ಹಂಗ ಅನ್ನಾಕ ಬರಂಗಿಲ್ಲ, ಜರಾ ಕುಂಬಳಕಾಯಿ ಹಂಗ ಇತ್ತು. ಆದ್ರ ಇಡೀ ಇತ್ತು. ನಾನು ಆ ರೊಟ್ಟಿ ತಿನ್ನಲೇ ಇಲ್ಲ. ಅರಬೀಲೆ ಸುತ್ತಿ ಗಿರಣಿಗೆ ಒಯ್ದು ಎಲ್ಲಾ ಹಮಾಲರಿಗೂ ತೋರಿಸಿದೆ. "ಏನ್ ಅಮರಪ್ಪಾ, ಬಂಗಾರ ಕಂಡಂಗ ಮಾಡಾಕತ್ತಿ, ರೊಟ್ಟಿ ಅಲ್ಲೇನಿದು?" ಅಂದ್ರು. "ರೊಟ್ಟಿ ಹೌದಪ, ಅದಕ್ಕೇ ತಂದೀನಿ" ಅಂದೆ.

ಒಂದು ಮಾತು ಇಲ್ಲೇ ಹೇಳಬೇಕು, ಆಮ್ಯಾಲೆ ಮರತೀನಿ. ಗಿರಿಜಾ ಮನಸ್ಸಿಟ್ಟು ಕೆಲಸ ಮಾಡೋವಾಗ ಆಕಿ ತುದಿ ನಾಲಿಗಿ ಬಾಯಿ ಮೂಲ್ಯಾಗ ಹೊರಗ ಬರ್ತದ. ಗುಂಡಿ ಹಾಕ್ಕೋವಾಗ, ಜಡಿ ಹೆಣಕೋವಾಗ, ರೊಟ್ಟಿ ಎತ್ತೋವಾಗ. ಅದನ್ನ ನೋಡಿ ನೋಡಿ ನನ್ನ ಕಣ್ಣಿಗೆ ಏನಾತೋ ಏನೋ, ಎಲ್ಲೆಲ್ಲೂ ಆ ತುದಿ ನಾಲಿಗಿ ಕಾಣಾಕ ಹತ್ತಿತು. ಸಿರವಾರ ಬಸ್ಟ್ಯಾಂಡಿನಾಗ ಡ್ರೈವರ ಬಸ್ಸು ಹಿಂದಕ್ಕ ತಗೋತಿದ್ದ, ಅವನ ನಾಲಿಗಿ ಹೊರಗ. ಹಣಮವ್ವ ಸೂಜಿಗೆ ದಾರ ಪೋಣಸ್ತಿದ್ಲು, ಆಕಿ ನಾಲಿಗಿನೂ ಹೊರಗ. ಬ್ಯಾಂಕಿನಾಗ ನನ್ನಂಥಾ ಒಬ್ಬ ಮುದುಕ ಸಹಿ ಹಾಕ್ತಿದ್ದ. ಹಿಂದ ನಿಂತವರು ಲಗೂ ಮಾಡೋ ಯಪ್ಪಾ ಅಂತ ಒದರಾಕತ್ತಿದ್ರು. ನಾನು ಮಾತ್ರ ಅವನ ನಾಲಿಗಿ ನೋಡಿ, ನಡೀಲಿ ಯಜಮಾನಾ, ಅವಸರಿಲ್ಲ ಅಂದೆ.

ಆ ವರ್ಷ ಗಿರಣಿಗೆ ದೇವದುರ್ಗದ ಕಡಿಂದ ಮಲ್ಲಯ್ಯ ಅಂತ ಒಬ್ಬ ಹೊಸ ಹಮಾಲ ಬಂದಿದ್ದ. ಎರಡು ಮಕ್ಕಳ ತಂದಿ. ಚೀಲಕ್ಕ ಕೈ ಹಚ್ಚೋಕಿಂತ ಮೊದಲು ಒಂದು ಗಳಿಗಿ ಸುಮ್ಮ ನಿಂದರ್ತಿದ್ದ. ನಮ್ಮವರು ನಗೋರು. "ಏ ಮಲ್ಲಯ್ಯ, ಚೀಲಕ್ಕ ನಮಸ್ಕಾರ ಮಾಡಾಕತ್ತೀಯೇನ್?" ಚೀಲ ಹೊರೋ ಮಂದಿ ನಾವು, ಜೋರು ಇದ್ದಾವನೇ ಗಂಡಸು ಅನ್ನೋ ಲೆಕ್ಕ ನಮ್ಮದು. ನಾನು ಅವನ ಕಾಲು ನೋಡಿದೆ. ಅಂವ ಸುಮ್ಮ ನಿಂತಿದ್ದಿಲ್ಲ, ಎಡಗಾಲು ನೆಲಕ್ಕ ಒತ್ತಿ ಹದ ಮಾಡ್ಕೋತಿದ್ದ. ನಮ್ಮ ಮನ್ಯಾಗೂ ಒಬ್ಬಾಕಿ ಹಾಸಿಗಿಯಿಂದ ಏಳೋವಾಗ ದಿನಾ ಹಿಂಗೇ ಮಾಡ್ತಾಳ. "ಲೇ, ತಡೀರೋ. ಅಂವ ಕೆಲಸ ಶುರು ಮಾಡ್ಯಾನ, ನಿಮಗ ಕಾಣವಲ್ದು ಅಷ್ಟೇ" ಅಂದೆ. ಆಮ್ಯಾಲೆ ಕೇಳಿದ್ರ ಎಂದೋ ಗಾಡಿ ಮ್ಯಾಲಿಂದ ಬಿದ್ದು ಮೊಣಕಾಲು ಮುರದಿತ್ತಂತ. ಯಾರಿಗೂ ಹೇಳಿದ್ದಿಲ್ಲ ಪಾಪ, ಕೆಲಸ ಹೋದೀತು ಅಂತ.

ಹಬ್ಬ ಹತ್ರ ಬಂತು. ಓಣಿಯಾಗ ಮುಯ್ಯಿ ಶುರುವಾತು. ಸರದಿ ಮೊದಲೇ ಗೊತ್ತಿತ್ತು, ಎಲ್ಲಾರ ಮನಿ ಮುಗದು, ನಮ್ಮನಿ, ಕಡೀಗೆ ಬಸಲಿಂಗವ್ವನ ಮನಿ. ಮೊದಲನೇ ಮನಿಯಾಕಿ ಹಿಂದಿನ ಸಂಜಿ ನಮ್ಮನಿಗೆ ಬಂದು ಹಣಮವ್ವನ ಕೈ ಹಿಡಿದ್ಲು, ಸೊಸಿ ಕೈ ಹಿಡಿದ್ಲು. ಗಿರಿಜಾ ಸೊಸಿ ಬಾಜೂಕೇ ನಿಂತಿದ್ಲು. ಆ ಮನಿಯಾಕಿ ಗಿರಿಜಾನ ಗಲ್ಲಾ ಹಿಂಡಿ, "ಚಂದಾಗಿ ಓದವಾ" ಅಂತ ಹೇಳಿ ಹೋದ್ಲು.

ನನಗ ತಡಿಯಲಿಲ್ಲ. "ನಾನೇ ಹೋಗಿ ಬಸಲಿಂಗವ್ವಗ ಹೇಳ್ತೀನಿ. ನಮ್ಮ ಹುಡುಗಿಗೆ ರೊಟ್ಟಿ ಬರ್ತದ, ಆಕೀನ್ನೂ ಕರೀ ಅಂತ" ಅಂದು ರುಮಾಲು ಸುತ್ತಿದೆ. ಗಿರಿಜಾ ಬಾಗಲಕ್ಕ ಅಡ್ಡ ನಿಂತ್ಲು.

"ಕೇಳಿದ್ರ ಕರೀತಾರಜ್ಜಾ, ಖರೇ. ಪಾಪ ಅಂತ ಕರೀತಾರ. ಅದು ಮುಯ್ಯಿ ಹೆಂಗಾತು?"

ರುಮಾಲು ಬಿಚ್ಚಿಟ್ಟೆ. ಆದ್ರೂ ಮರುದಿನ ಗಿರಿಜಾ ಹಣಮವ್ವನ ಬೆನ್ನ ಹಿಂದ ಹೋಗಿ ಆ ಮನ್ಯಾಗ ರೊಟ್ಟಿ ಒಣಗಿಸೋ ಕೆಲಸಕ್ಕ ನಿಂತ್ಲು. ಅದಕ್ಕ ಯಾರ ಕರಿನೂ ಬೇಕಾಗಿಲ್ಲ, ಹುಡುಗ್ರು ಮಾಡೋ ಕೆಲಸ.

ಆ ಮೊದಲನೇ ಮನಿಗೆ ಬಸಲಿಂಗವ್ವ ತನ್ನ ಹೊಸ ಸೊಸಿನ್ನ ಕರಕೊಂಡು ಬಂದಿದ್ಲು. ಸರಿತಾ ಅಂತ ಹೆಸರು, ಗದ್ವಾಲದ ಆ ಕಡಿಯಾಕಿ, ಮದಿವ್ಯಾಗಿ ದೀಪಾವಳಿಗೆ ಬಂದಿದ್ಲು. ನೀರಾವರಿ ಊರಾಗ ಅನ್ನ ಉಂಡು ಬೆಳೆದ ಹುಡುಗಿ, ರೊಟ್ಟಿ ತಿಂದಿದ್ಲೇ ಹೊರತು ಬಡದಿದ್ದಿಲ್ಲ. ಕನ್ನಡ ಮಾತಾಡಿದ್ರ ಅರ್ಧ ತೆಲುಗು. ಆಕಿ ಬಡದ ರೊಟ್ಟಿ ಮೂಲಿಗೊಂದು ಬಾಲ ಬಿಟ್ಟು ಹರೀತು. ಇನ್ನೊಂದು ದಪ್ಪಾತು. ಹೆಣ್ಮಕ್ಕಳು ಸುಮ್ಮ ಬಿಡ್ತಾರ?

"ಏ ಸರಿತಾ, ಇದೇನವಾ, ಗದ್ವಾಲ ಕೋಟಿದು ಕಲ್ಲು ಕಿತಗೊಂಡು ಬಂದೀಯೇನು?"

"ಇದನ್ನ ಚರಗ ಚೆಲ್ಲಬ್ಯಾಡ್ರೇ, ಭೂಮಿತಾಯಿಗೆ ಬಾವು ಬಂದೀತು!"

ನಗಿ ಅಂದ್ರ ನಗಿ. ಹೊರಗ ಕಟ್ಟಿ ಮ್ಯಾಲೆ ಕುಂತಿದ್ದ ನಮಗೂ ನಗಿ ಬಂತು. ಬಸಲಿಂಗವ್ವ ಮಾತ್ರ ನಗಲಿಲ್ಲ. ಓಣಿಗೆಲ್ಲ ರೊಟ್ಟಿ ಯಜಮಾನತಿ, ತನ್ನ ಸೊಸಿ ಹಿಂಗಂದ್ರ? ಹಿಟ್ಟಿನ ಉಂಡಿ ಸರಿತಾನ ಕೈಯಾಗಿಂದ ಕಸಗೊಂಡು, "ಏಳು, ನೀರು ತುಂಬು ಹೋಗು" ಅಂದ್ಲು. ಸರಿತಾ ಹಿತ್ತಲಕ್ಕ ಹೋಗಿ ತೊಟ್ಟಿ ಹಿಂದ ನಿಂತು ಸೆರಗಿಲೆ ಬಾಯಿ ಮುಚಗೊಂಡ್ಲಂತ. ಇದನ್ನ ಗಿರಿಜಾ ಬಂದು ಹೇಳಿದ್ಲು. ನಾನು ನಕ್ಕೋತನೇ ಕೇಳಾಕತ್ತಿದ್ದೆ. ಆಕಿ ನಗಲಿಲ್ಲ.

"ಅಜ್ಜಾ, ಆಕಿ ಕೈಯಾಗಿನ ಹಿಟ್ಟು ಕಸಗೊಂಡ್ರು" ಅಂದ್ಲು. ಅಷ್ಟೇ ಅಂದ್ಲು.

ಮರುದಿನ ಮಧ್ಯಾಹ್ನ ಗಿರಿಜಾ ಎದುರುಮನಿ ಬಾಗಲಕ್ಕ ಹೋಗಿ, "ದೊಡ್ಡವ್ವಾ, ನಮ್ಮಜ್ಜಿ ಹಪ್ಪಳ ಒಣ ಹಾಕಾಕ ಹೇಳಿ ಹೋಗ್ಯಾಳ, ಸರಿತಕ್ಕನ್ನ ಕಳಸ್ರಿ" ಅಂತ ಸುಳ್ಳು ಹೇಳಿ ಆ ಹುಡುಗಿನ್ನ ಕರಕೊಂಡು ಬಂದ್ಲು. ಬಸಲಿಂಗವ್ವ ಆ ಹೊತ್ತಿನಾಗ ಮುಯ್ಯಿಗೆ ಹೊಂಟು ನಿಂತಿದ್ಲು, ಒಯ್ಯಿ ಅಂದ್ಲು. ಬಾಗಲಾ ಮುಂದ ಮಾಡಿ, ಹಿಟ್ಟು ಇಟ್ಟು, ಇಬ್ಬರೂ ಕಲ್ಲಿನ ಮುಂದ ಕುಂತ್ರು. ನನ್ನ ಸೊಂಟಾ ಹಿಡಿದಿತ್ತು ಆ ವಾರ, ಗಿರಣಿಗೆ ಹೋಗಿದ್ದಿಲ್ಲ. ಅದಕ್ಕ ಎಲ್ಲಾ ನನ್ನ ಕಣ್ಣ ಮುಂದ ನಡೀತು. ಸೊಂಟಕ್ಕ ಒಳ್ಳೇದಾಗ್ಲಿ.

"ನನಕ ರಾದು ಗಿರಿಜಾ. ಬರಲ್ಲ ನನಕ" ಅಂದ್ಲು ಸರಿತಾ, ಕೈ ಹಿಂದಕ್ಕ ಎಳಕೊಂಡು.

"ಮತ್ತೊಂದು ಬಡೀ" ಅಂದ್ಲು ಗಿರಿಜಾ.

ಹರೀತು. "ಮತ್ತೊಂದು." ಮತ್ತ ಹರೀತು. "ಮತ್ತೊಂದು." ಹಂಗಲ್ಲ ಅಂತ ಒಂದು ಸಲನೂ ಅನ್ನಲಿಲ್ಲ ನೋಡ್ರಿ ಆ ಹುಡುಗಿ. ಸರಿತಾನ ಹಿಟ್ಟಿಗೆ ಕೈ ಹಚ್ಚಲೇ ಇಲ್ಲ. ತನ್ನ ಕಲ್ಲಿನ ಮ್ಯಾಲೆ ತಾ ಬಡೀತಿದ್ಲು, ನಿಧಾನಕ. ಸರಿತಾ ನೋಡಿ ನೋಡಿ ತನ್ನ ಕಲ್ಲಿನ ಮ್ಯಾಲೆ ಬಡೀತಿದ್ಲು. ನನ್ನ ಕೈಯೇ ತುರಸಾಕ ಹತ್ತಿತು, ಎದ್ದು ಹೋಗಿ ಆ ಅಂಚು ಜರಾ ಒತ್ತಿಬಿಡಲೇನು ಅಂತ. ಗಂಡಸು ನಾನು, ಹುಟ್ಟಿದಾಗಿಂದ ರೊಟ್ಟಿ ಬಡದಾಂವಲ್ಲ, ನನಗೇ ಹಂಗಾದ್ರ ಉಳದವರಿಗೆ ಹೆಂಗಾಗಿರಬಾರ್ದು! ಆ ಕಸರತ್ತಿನ ಹುಡುಗಿ ನೆನಪಾಗಿ ಎಲಿ ಅಡಕಿ ಚಂಚಿ ಬಿಚ್ಚಿದೆ.

ಚೂರು ಬಿದ್ದದ್ದೆಲ್ಲ ಮತ್ತ ನನ್ನ ತಾಟಿಗೇ. "ಇಬ್ಬರದೂ ನಾನೇ ತಿನ್ನಬೇಕೇನು?" ಅಂದ್ರ ಸರಿತಾ ಮೊದಲನೇ ಸಲ ನಕ್ಕಳು. "ತಿನ್ರಿ ತಾತಾ, ಭೂಮಿತಾಯಿಗಿಂತ ನಿಮ್ಮ ಹೊಟ್ಟಿ ಗಟ್ಟಿ ಅದ" ಅಂದ್ಲು. ಆಕಿಗೂ ಮಾತು ಬರ್ತಾವ ಅಂತ ಅವತ್ತು ಗೊತ್ತಾತು.

ಹಿಂಗ ಮಧ್ಯಾಹ್ನ ಮಧ್ಯಾಹ್ನ ನಡೀತು. ಒಂದು ದಿನ ನಾನು ಕಣ್ಣು ಮುಚ್ಚಿ ಅಡ್ಡಾಗಿದ್ದೆ. ದಪ್ ದಪ್ ಜರ್ರ್ ಕೇಳಿಸ್ತು, ಅದರ ಹಿಂದೇ ಇನ್ನೊಂದು ದಪ್ ದಪ್ ಜರ್ರ್. ಎರಡು ಸಪ್ಪಳ, ಒಂದೇ ನಡಿಗಿ. ಕಣ್ಣು ತೆಗೀಲಿಲ್ಲ. ತೆಗದಿದ್ರ ಅವತ್ತೇ ಗೊತ್ತಾಗ್ತಿತ್ತು ನನಗ.

ನಮ್ಮನಿ ಮುಯ್ಯಿ ದಿನ ಬಂತು. ಪಡಸಾಲಿ ತುಂಬಾ ಹೆಣ್ಮಕ್ಕಳು, ಎರಡು ಒಲಿ, ಹೊಗಿ, ಬಳಿ ಸಪ್ಪಳ. ನಾನು ಕಟ್ಟಿ ಬಿಟ್ಟು ಬಾಗಲ ಬಾಜೂಕೇ ಕುಂತಿದ್ದೆ. ಗಿರಿಜಾ ಒಣ ಹಾಕೋ ಅರಬಿ ಹಾಸಾಕತ್ತಿದ್ಲು. ಬಸಲಿಂಗವ್ವ ಸರಿತಾಗ, "ನೀ ಎಳ್ಳು ಹಚ್ಚು, ಸಾಕು" ಅಂದ್ಲು. ಸರಿತಾ, "ನಾನೂ ಬಡೀತೀನತ್ತಿ" ಅಂತ ಖಾಲಿ ಕಲ್ಲಿನ ಮುಂದ ಕುಂತುಬಿಟ್ಲು. ಬಾಯಿಗೆ ಸೆರಗು ಹಚ್ಚಿ ನಗಾಕ ಎಲ್ಲಾರೂ ತಯಾರ್.

ದಪ್ ದಪ್ ಜರ್ರ್. ದಪ್ ದಪ್ ಜರ್ರ್. ರೊಟ್ಟಿ ದೊಡ್ಡದಾತು, ತೆಳ್ಳಗಾತು. ಹರೀಲಿಲ್ಲ. ಅಂಚಿಗೆ ಸರಿಸಿದ್ಲು, ಮುಂಗೈ ಮ್ಯಾಲೆ ಮಲಗಿಸಿಕೊಂಡ್ಲು, ಹಂಚಿಗೆ ಇಳಿಸಿದ್ಲು. ಯಾರೂ ನಗಲಿಲ್ಲ. ಎಲ್ಲಾರ ಕಣ್ಣು ಆಕಿ ತೊಡಿ ಮ್ಯಾಲೆ ಇದ್ದವು. ಆಕಿ ಎಡಗೈ ಮುಷ್ಟಿ ಕಟ್ಟಿ ತೊಡಿ ಮ್ಯಾಲೆ ಕುಂತಿತ್ತು, ಆರಾಮ, ಬಳಿ ಹಾಕ್ಕೊಂಡು.

ಬಸಲಿಂಗವ್ವ ಗಾಬರಿಯಾಗಿ, "ಏ ಸರಿತಾ, ಆ ಕೈಗೇನಾತು? ಸುಟ್ಟುಕೊಂಡಿಯೇನು?" ಅಂದ್ಲು.

"ಏನೂ ಇಲ್ಲತ್ತಿ."

"ಮತ್ತ ಅದನ್ಯಾಕ ಹಂಗ ಇಟ್ಟಿ?"

ಸರಿತಾ ಕೈ ನೋಡಿಕೊಂಡ್ಲು, ಅತ್ತಿ ಮುಖಾ ನೋಡಿದ್ಲು. "ರೊಟ್ಟಿ ಬಡಿಯೋವಾಗ ಹಿಂಗೇ ಇಡ್ತಾರಲ್ಲತ್ತಿ? ನನಗ ಹಿಂಗೇ ಕಲಿಸ್ಯಾರ."

"ಯಾರವಾ ಕಲಿಸಿದವರು?"

ಸರಿತಾ ಗದ್ದ ಎತ್ತಿ ತೋರಿಸಿದ್ಲು. ಗಿರಿಜಾ ಅರಬಿ ತುದಿ ಹಿಡಕೊಂಡು ನಿಂತಿದ್ಲು, ಆಕಿ ಎಡಗೈ ಎದಿಗೆ ಆನಕೊಂಡು ಹೆಂಗಿತ್ತೋ ಹಂಗ.

ಎಲ್ಲಾರೂ ಒಮ್ಮೆ ಆ ಕೈ ನೋಡಿದ್ರು, ಒಮ್ಮೆ ಈ ಕೈ ನೋಡಿದ್ರು. ಆಮ್ಯಾಲೆ ಒಬ್ಬಾಕಿ ನಕ್ಕಳು, ಇನ್ನೊಬ್ಬಾಕಿ, ಎಲ್ಲಾರೂ. ಮೊದಲಿನ ನಗಿ ಅಲ್ಲ ಅದು, ಕಣ್ಣು ಒರಸ್ಕೋತ ನಗೋ ನಗಿ. ಸರಿತಾಗ ಎಡವಟ್ಟಾದದ್ದು ಈಗ ತಿಳೀತು. ಮುಖಾ ಕೆಂಪಾತು. ತಾನೂ ನಕ್ಕಳು, ಆದ್ರ ಎಡಗೈ ತೊಡಿ ಮ್ಯಾಲಿಂದ ತೆಗೀಲಿಲ್ಲ. ಹಂಗೇ ಮುಂದಿನ ಉಂಡಿ ತಗೊಂಡ್ಲು. "ಎರಡು ಕೈ ಹಾಕಿದ್ರ ನನಕ ಹರೀತದತ್ತಿ" ಅಂದ್ಲು.

ಬಸಲಿಂಗವ್ವ ತಲಿ ಬಗ್ಗಿಸಿ ತನ್ನ ರೊಟ್ಟಿ ಬಡಿಯಾಕ ಹತ್ತಿದ್ಲು. ಬುಟ್ಟಿ ತುಂಬಿದವು, ಹೆಣ್ಮಕ್ಕಳು ಕೈ ತೊಳಕೊಂಡ್ರು, ಕುಂಕುಮ ಹಚಗೊಂಡ್ರು. ಮರುದಿನ ಬಸಲಿಂಗವ್ವನ ಮನಿ ಸರದಿ, ಕಡೀ ಮುಯ್ಯಿ. ಆಕಿ ಎದ್ದು ಒಬ್ಬೊಬ್ಬಾಕಿ ಕೈ ಹಿಡಿದು ಕರಕೋತ ಬಂದ್ಲು. ಹಣಮವ್ವನ್ನ ಕರದ್ಲು. ನನ್ನ ಸೊಸಿನ್ನ ಕರದ್ಲು. ಗಿರಿಜಾ ಅರಬಿ ಮಡಚಾಕತ್ತಿದ್ಲು, ಆ ಕಡೆ ನೋಡಲೇ ಇಲ್ಲ. ನಾನು ನೆಲಾ ನೋಡಿದೆ. ಅಷ್ಟು ಮಂದಿಯೊಳಗ ಬಸಲಿಂಗವ್ವನ ಕಾಲಗೆಜ್ಜಿ ನಡದು ಬಂದು ಅರಬಿ ಮುಂದ ನಿಂತದ್ದು ಕೇಳಿಸ್ತು.

ಗಿರಿಜಾ ಬಲಗೈ ಚಾಚಿದ್ಲು. ಬಸಲಿಂಗವ್ವ ಅದನ್ನ ಹಿಡೀಲಿಲ್ಲ. ಎದಿಗೆ ಆನಿದ್ದ ಎಡಗೈ ಮುಷ್ಟಿ ತನ್ನ ಎರಡೂ ಕೈಯಾಗ ತಗೊಂಡು, ಒಂದೊಂದೇ ಬೆಳ್ಳು ಬಿಡಿಸಿ, ಅಂಗೈಗೆ ಅಂಗೈ ಹಚ್ಚಿ, "ಗುರುವಿನ ಕೈ ಇದು. ನಾಳಿ ನಮ್ಮನಿಗೆ ಮುಯ್ಯಿಗೆ ಬಾರವಾ" ಅಂದ್ಲು. "ನಿಂದು ನನ್ನ ಮ್ಯಾಲೆ ಹಳೇ ಮುಯ್ಯಿನೂ ಅದ, ಹೊಸಾದೂ ಅದ. ನಾಳಿಂದ ತೀರಸ್ತೀನಿ."

"ಬರ್ತೀನಿ ದೊಡ್ಡವ್ವಾ" ಅಂದ್ಲು ಗಿರಿಜಾ, ದಿನಾ ಕರಿ ಬರೋರ ಹಂಗ. ಅವರೆಲ್ಲ ಹೋಗಿ ಬಾಗಲಾ ಮುಚ್ಚಿದ ಮ್ಯಾಲೆ ನನ್ನ ಕುತ್ತಿಗಿಗೆ ಬಿದ್ಲು ನೋಡ್ರಿ, ನನ್ನ ಸೊಂಟಾ ಮತ್ತ ಹಿಡೀತು.

ಮರುದಿನ ನಾನು ಎದುರು ಕಟ್ಟಿ ಮ್ಯಾಲೆ ಹೊತ್ತು ಮೂಡೋಕಿಂತ ಮೊದಲೇ ಕುಂತಿದ್ದೆ. ಒಳಗ ಬಡತ ಶುರುವಾತು. ಅದರಾಗ ನಮ್ಮದನ್ನ ಹುಡುಕಿದೆ. ಸಿಕ್ತು. ದಪ್ ದಪ್... ನಿಂತುಬಿಡ್ತು. ಹರೀತು ಅಂತ ಗೊತ್ತಾತು ನನಗ. ಯಾರೋ ಮುಂದ ಬಗ್ಗಿದ ಬಳಿ ಸಪ್ಪಳ. ಕೂಡ್ಲೇ ಸರಿತಾನ ದನಿ, "ಅತ್ತೀ, ಕೈ ಹಿಂದ." ಗೊಳ್ ಅಂತ ನಗಿ. ನಗಿ ಇಳಿದ ಮ್ಯಾಲೆ ಮತ್ತ ದಪ್ ದಪ್ ಜರ್ರ್. ದಪ್ ದಪ್ ಜರ್ರ್. ಆಮ್ಯಾಲೆ ಹಂಚಿನ ಮ್ಯಾಲೆ ಎಳ್ಳು ಚಟಚಟ. ವಾಸನಿ ಓಣಿಗೆಲ್ಲ ಬಂತು. ಅಂದಿನಿಂದ ಆ ವಾಸನಿ ನನ್ನ ಕಣ್ಣಾಗೇ ಕುಂತದ.

ಹಬ್ಬಕ್ಕ ನಾವು ದೇವದುರ್ಗದ ಕಡೆ, ಗೂಗಲ್ ಅನ್ನೋ ಊರಿನ ಹಾದಿಯಾಗ ನಮ್ಮ ತಮ್ಮ ಮಾಡೋ ಹೊಲಕ್ಕ ಹೋದ್ವಿ. ಬಿಳಿಜೋಳ ತೆನಿ ಬಿಟ್ಟು ಎದಿಮಟ ನಿಂತಿತ್ತು, ಹೊಳಿ ಕಡಿಂದ ತಂಪು ಗಾಳಿ. ಚರಗ ಚೆಲ್ಲೋ ಬುಟ್ಟಿ ನನ್ನ ತಲಿ ಮ್ಯಾಲೆ. ಗಿರಿಜಾ ನನ್ನ ಹಿಂದ, ಕಾಲು ಎಳಕೋತ, ಎರಿಮಣ್ಣಿನಾಗ. ಕೈ ಹಿಡೀಲೇನು ಅಂತ ಕೇಳಲಿಲ್ಲ ನಾನು. ನನ್ನ ನಡಿಗಿ ನಿಧಾನ ಮಾಡಿದೆ ಅಷ್ಟೇ. ಆಕಿಗೂ ಗೊತ್ತಾತು, ನನಗೂ ಗೊತ್ತಾತು, ಇಬ್ಬರೂ ಸುಮ್ಮ ನಡದ್ವಿ. ಅವತ್ತು ಬಸಲಿಂಗವ್ವನ ಮನ್ಯಾಗ ಹರದಿದ್ದ ಆ ಮೊದಲನೇ ರೊಟ್ಟಿನ್ನ ಆಕಿ ಬೇಡಿ ತಂದಿದ್ಲು. ಅದನ್ನೇ ಮೊದಲು ಚೆಲ್ಲಿದ್ವಿ.

ಈಗ ಮೊನ್ನೆ ಮಾತಿಗೆ ಬರ್ತೀನಿ. ಓಣಿ ತಿರುವಿನಾಗ ನಿಂತಿದ್ದೆ ಅಂದ್ನಲ್ಲ. ಸಪ್ಪಳ ಬರ್ತಿದ್ದದ್ದು ಬಸಲಿಂಗವ್ವನ ಮನಿಯಿಂದ. ಸರಿತಾನೇ ಇರಬೇಕು ಅಂತ ಹೊಸ್ತಲಾ ದಾಟಿದ್ರ, ಸರಿತಾ ಹಂಚಿನ ಮುಂದ ಕುಂತು ರೊಟ್ಟಿ ತಿರುವಾಕತ್ತಿದ್ಲು. ಬಸಲಿಂಗವ್ವ ಮೂಲ್ಯಾಗ ಕುಂತಿದ್ಲು, ಎರಡೂ ಕೈ ಬೆನ್ನ ಹಿಂದ. ನಡುವ ಸಣ್ಣ ಕಲ್ಲಿನ ಮುಂದ ಸರಿತಾನ ಮಗಳು, ಅಂಗನವಾಡಿಗೆ ಹೋಗೋ ಕೂಸು. ಮೂಗಿಗೆ ಹಿಟ್ಟು, ಹಣಿಗೆ ಹಿಟ್ಟು. ತುದಿ ನಾಲಿಗಿ ಹೊರಗ. ಬಲಗೈ ಬಡಿಯಾಕತ್ತದ. ಎಡಗೈ, ಸಣ್ಣ ಮುಷ್ಟಿ, ತೊಡಿ ಮ್ಯಾಲೆ.

"ಏನವಾ ತಾಯಿ, ಈ ಕೈ ಯಾಕ ಸುಮ್ಮ ಇಟ್ಟಿ?" ಅಂತ ಕೇಳಿದೆ.

ಇಷ್ಟು ದೊಡ್ಡಾಂವ ಆಗಿ ಇದೂ ಗೊತ್ತಿಲ್ಲೇನು ಅನ್ನೋ ಹಂಗ ನೋಡಿದ್ಲು. "ಇದು ಬಡಿಯೋ ಕೈ" ಅಂತ ಬಲಗೈ ತೋರಿಸಿದ್ಲು. "ಅದು ಕುಂದ್ರೋ ಕೈ."

ಅಲ್ಲೇ ಕುಂತೆ. ಫೋನ್ ತೆಗದು ರಾಯಚೂರಿಗೆ ಹಚ್ಚಿದೆ. ಓದೋವಾಗ ಹಚ್ಚಬ್ಯಾಡ ಅಂತ ಬೈತಾಳ, ಬೈಲಿ ಅಂದೆ. ಗಿರಿಜಾ ಎತ್ತಿದ ಕೂಡ್ಲೇ ಮಾತಾಡದನೇ ಫೋನ್ ಕಲ್ಲಿನ ಹತ್ರ ಹಿಡಿದೆ. ದಪ್ ದಪ್ ಜರ್ರ್. ದಪ್ ದಪ್ ಜರ್ರ್. ಆಗ ಕೂಸಿನ ರೊಟ್ಟಿ ನಟ್ಟನಡುವ ಹರೀತು. ಕೂಸಿನ ತುಟಿ ನಡುಗಿದವು. ಬಸಲಿಂಗವ್ವನ ಭುಜಾ ಅಲಗಾಡಿದ್ವು, ಕೈ ಮಾತ್ರ ಹಿಂದಿಂದ ಹಿಂದೇ.

ಫೋನಿನಾಗಿಂದ ಗಿರಿಜಾನ ದನಿ ಬಂತು. "ಅಜ್ಜಾ, ಹರದದ್ದು ನೀ ತಿನ್ನು. ಆಕಿಗೆ ಮತ್ತೊಂದು ಬಡೀ ಅನ್ನು."

ಹೇಳೋದು ಬೇಕಾಗಲಿಲ್ಲ. ಕೂಸು ಆಗಲೇ ಮುಂದಿನ ಉಂಡಿಗೆ ಕೈ ಹಾಕಿತ್ತು. ಸರಿತಾ ಸುಟ್ಟುಕೊಟ್ಟ ಆ ಹರದ ರೊಟ್ಟಿನ್ನ ನಾನು ಹಂಚಿನ ಮ್ಯಾಲಿಂದ ಬಿಸಿಬಿಸಿನೇ ತಗೊಂಡು, ಹಲ್ಲಿಲ್ಲದ ಬಾಯಾಗ ಇಟಗೊಂಡೆ.